ಫೈಬರ್ ದೋಣಿಯ ಡೆಕ್ ಕುಂಬಾಗಿದ್ದರೆ: ಬಿಚ್ಚುವುದರಿಂದ ನೀರಿಗಿಳಿಸುವವರೆಗೆ

“ಹದಿನಾರು ಅಡಿಯ ರನ್‌ಅಬೌಟ್ ಅಗ್ಗಕ್ಕೆ ಸಿಕ್ಕಿದೆ. ಹೊರಗೆ ಗಟ್ಟಿಮುಟ್ಟಾಗಿದೆ, ಒಳಗೆ ಕಾಲಿಟ್ಟರೆ ಮಾತ್ರ ನೆಲ ಮೆತ್ತಗೆ ಕುಸಿಯುತ್ತದೆ. ಮೇಲೊಂದು ಹೊಸ ಪ್ಲೈವುಡ್ ಹೊಡೆದು ಫೈಬರ್ ಬಳಿದರೆ ಸಾಕಲ್ಲವೇ ಅಣ್ಣಾ?”

ವಾಸ್ಕೊ, ಮಡಗಾಂವ್ ಕಡೆಯ ನಮ್ಮವರೂ ಕಾರವಾರದಿಂದ ಬಂದು ಜುವಾರಿ ದಂಡೆಯಲ್ಲಿ ಹಳೆಯ ದೋಣಿ ಕೊಳ್ಳುವವರೂ ಕೇಳುವುದು ಇದನ್ನೇ. ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಬರೆದೇ ಬಿಡುತ್ತಿದ್ದೇನೆ. ಸಾಲದು. ಕುಂಬಾದ ಹಲಗೆಯನ್ನು ಮುಚ್ಚಿದಷ್ಟೂ ಅದು ಬೇಗ ಕೊಳೆಯುತ್ತದೆ, ಪಕ್ಕದ್ದನ್ನೂ ಕೊಳೆಸುತ್ತದೆ.

ಫೈಬರ್ ಗ್ಲಾಸ್ ಕೊಳೆಯುವುದಿಲ್ಲ. ಕೊಳೆಯುವುದು ಅದರೊಳಗಿನ ಮರ. ಹಳೆಯ ರನ್‌ಅಬೌಟ್‌ಗಳಲ್ಲಿ, ಅಂದರೆ ಹಿಂದೆ ಔಟ್‌ಬೋರ್ಡ್ ಎಂಜಿನ್ ನೇತುಹಾಕಿದ, ನಾಲ್ಕೈದು ಜನ ಕೂರುವ ತೆರೆದ ಮೋಟಾರು ದೋಣಿಗಳಲ್ಲಿ, ಪ್ಲೈವುಡ್ಡಿನ ಮೇಲ್ಮೈಗೆ ಮಾತ್ರ ಒಂದು ತೆಳು ಫೈಬರ್ ಹೊದಿಕೆ ಹಾಕಿ ಅಡಿಭಾಗವನ್ನು ಬರೀ ಮರವಾಗಿಯೇ ಬಿಟ್ಟಿರುವುದೇ ಹೆಚ್ಚು. ಅದರ ಮೇಲೆ ಆಸನಕ್ಕೆಂದು ಹತ್ತಾರು ಸ್ಕ್ರೂ ತಿರುಗಿಸುತ್ತಾರೆ. ಪ್ರತಿ ಸ್ಕ್ರೂ ಒಂದು ಬಾವಿ.

ಮುಂದೆ ಪದೇ ಪದೇ ಬರುವ ಕೆಲವು ಪದಗಳು. ನೀರಿಗೆ ತಾಗುವ ಹೊರಚಿಪ್ಪನ್ನು ಒಡಲು ಎನ್ನುತ್ತೇನೆ. ನಾವು ಕಾಲಿಡುವ ನೆಲ ಡೆಕ್. ಡೆಕ್ಕಿನ ಅಡಿಯಲ್ಲಿ ಮೂತಿಯಿಂದ ಹಿಂಬದಿಯವರೆಗೆ ಓಡುವ ತೊಲೆಗಳು ಸ್ಟ್ರಿಂಗರ್. ದೋಣಿಯ ಬೆನ್ನೆಲುಬೇ ಅವು. ಎಂಜಿನ್ ಹೊತ್ತಿರುವ ಹಿಂಬದಿಯ ಚಪ್ಪಟೆ ಗೋಡೆ ಟ್ರಾನ್ಸಮ್. ಎಲ್ಲಕ್ಕಿಂತ ಕೆಳಗೆ, ಸೋರಿದ ನೀರು ಕೂಡಿಕೊಳ್ಳುವ ತಗ್ಗು ಬಿಲ್ಜ್.

ಇನ್ನು ಕಾಲ. ಮೀನುಗಾರಿಕೆ ನಿಷೇಧದ 61 ದಿನ, ಜೂನ್ 1ರಿಂದ ಜುಲೈ 31, ಕೈಗೆ ಬಿಡುವಿರುತ್ತದೆಂದು ಬಹಳ ಜನ ಆಗಲೇ ಈ ಕೆಲಸ ಹಿಡಿಯುತ್ತಾರೆ. ಗೋವಾದ ಮಳೆಗಾಲದಲ್ಲಿ ಮರ ಒಣಗುವುದೂ ಇಲ್ಲ, ಗಾಜಿನೆಳೆಗಳನ್ನು ಹಿಡಿದು ಗಟ್ಟಿಯಾಗುವ ಅಂಟುದ್ರವ ರೆಸಿನ್ ಸರಿಯಾಗಿ ಕೂರುವುದೂ ಇಲ್ಲ. ನವೆಂಬರಿನಲ್ಲಿ ಬಿಚ್ಚಿ, ಡಿಸೆಂಬರ್ ಪೂರ್ತಿ ಒಣಗಿಸಿ, ಜನವರಿಯಿಂದ ಮಾರ್ಚ್ ಒಳಗೆ ಫೈಬರ್ ಮುಗಿಸಿ. ರಜೆಯ ದಿನಗಳಲ್ಲಿ ಮಾತ್ರ ಕೆಲಸ ಮಾಡುವವರಿಗೆ ಅಷ್ಟು ತಿಂಗಳು ಬೇಕೇ ಬೇಕು.

ಹಂತ 1: ತಟ್ಟಿ ನೋಡಿ, ಕಾಗದ ನೋಡಿ

ಹಣ ಕೊಡುವ ಮೊದಲು ಒಂದು ಸಣ್ಣ ಸುತ್ತಿಗೆ ಹಿಡಿದು ಹೋಗಿ. ಡೆಕ್ಕಿನ ಮೇಲೆ ಅಂಗೈಯಗಲಕ್ಕೊಂದರಂತೆ ತಟ್ಟುತ್ತಾ ಬನ್ನಿ. ಗಟ್ಟಿ ಮರ ‘ಟಣ್’ ಎನ್ನುತ್ತದೆ, ಕುಂಬಾದದ್ದು ‘ದಪ್’ ಎನ್ನುತ್ತದೆ. ಸದ್ದು ಬದಲಾದಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಹಾಕಿ. ಹತ್ತು ನಿಮಿಷದಲ್ಲಿ ದೋಣಿಯ ನಕಾಶೆ ನಿಮ್ಮೆದುರು ಬಿದ್ದಿರುತ್ತದೆ.

ಟ್ರಾನ್ಸಮ್ಮಿಗೆ ಬೇರೆ ಪರೀಕ್ಷೆ. ಎಂಜಿನ್ನನ್ನು ಅರ್ಧ ಮೇಲೆತ್ತಿ ಅದರ ಕೆಳತುದಿಯನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಎಂಜಿನ್ ಜೊತೆಗೆ ಹಿಂದಿನ ಗೋಡೆಯೂ ಉಸಿರಾಡಿದಂತೆ ಬಾಗಿದರೆ ಅದರ ಒಳಗಿನ ಮರವೂ ಹೋಗಿದೆ. ಡೆಕ್, ಸ್ಟ್ರಿಂಗರ್, ಟ್ರಾನ್ಸಮ್ ಮೂರೂ ಹೋಗಿರುವ ದೋಣಿಯನ್ನು ಮೊದಲ ಬಾರಿ ಈ ಕೆಲಸ ಮಾಡುವವರು ಪುಕ್ಕಟೆ ಕೊಟ್ಟರೂ ಒಯ್ಯಬೇಡಿ.

ಕಾಗದಪತ್ರವನ್ನೂ ಇದೇ ಹೊತ್ತಿಗೆ ಕೇಳಿ. ಗೋವಾದಲ್ಲಿ ಒಳನಾಡು ದೋಣಿಗಳ ನೋಂದಣಿ ನೋಡಿಕೊಳ್ಳುವುದು ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆ. ಮಾರುವವನ ಹೆಸರಿಗೂ ಕಾಗದದ ಹೆಸರಿಗೂ ತಾಳೆಯಾಗದಿದ್ದರೆ ಅದನ್ನು ಸರಿಪಡಿಸುವುದು ಮಾರುವವನ ತಲೆನೋವಾಗಲಿ.

ಹಂತ 2: ನೀರು ಬಂದ ದಾರಿ

ಗರಗಸಕ್ಕೆ ಕೈ ಹಾಕುವ ಮೊದಲು ಈ ಕೆಲಸ ಮುಗಿಯಬೇಕು. ಡೆಕ್ ಕುಂಬಾಗಿರುವುದು ರೋಗವಲ್ಲ, ಲಕ್ಷಣ. ನೀರಿನ ದಾರಿ ಹಾಗೇ ಉಳಿದರೆ ನಿಮ್ಮ ಹೊಸ ಡೆಕ್ಕೂ ನಾಲ್ಕು ಮಳೆಗಾಲದಲ್ಲಿ ಹಳೆಯದರ ಹಾದಿ ಹಿಡಿಯುತ್ತದೆ.

ಆಸನದ ಕಾಲಿನ ಒಂದು ಸ್ಕ್ರೂ ಬಿಚ್ಚಿ. ಅದು ಹಿಡಿತವಿಲ್ಲದೆ ಸುಮ್ಮನೆ ತಿರುಗುತ್ತಾ ಮೇಲೆ ಬರುತ್ತದೆ. ತುದಿಯ ಎಳೆಗಳಲ್ಲಿ ಕಾಫಿ ಗಸಿಯಂಥ ಕಪ್ಪು ಪುಡಿ ಸಿಕ್ಕಿಕೊಂಡಿರುತ್ತದೆ. ಮೂಗಿಗೆ ಹಿಡಿದರೆ ಮಳೆಗಾಲದ ಕಟ್ಟಿಗೆ ರಾಶಿಯ ವಾಸನೆ. ತೂತಿನ ಪಕ್ಕ ಹೆಬ್ಬೆರಳಿನಿಂದ ಒತ್ತಿ ನೋಡಿ. ಮೊದಲು ಒಂದು ಗುಳ್ಳೆ, ಆಮೇಲೆ ಕಂದು ನೀರು, ಮೇಲೆದ್ದು ಬಂದು ತೂತಿನ ಸುತ್ತ ಉಂಗುರದಂತೆ ನಿಲ್ಲುತ್ತದೆ. ಬೆರಳು ತೆಗೆದೊಡನೆ ಅಷ್ಟೂ ನೀರು ವಾಪಸ್ ಒಳಕ್ಕೆ. ಇಷ್ಟು ನೋಡಿದ ಮೇಲೆ ‘ಮೇಲೊಂದು ಪ್ಲೈವುಡ್’ ಮಾತನ್ನು ಯಾರೂ ಮತ್ತೆ ಎತ್ತಿಲ್ಲ.

ಆ ನೀರಿನ ಎರಡು ಹನಿಯನ್ನು ಗಾಜಿನ ಚೂರಿನ ಮೇಲೆ ಬಿಟ್ಟು ಬಿಸಿಲಿಗಿಡಿ. ಒಣಗಿದ ಮೇಲೆ ದಟ್ಟ ಬಿಳಿ ಪುಡಿ ಉಳಿದರೆ ಉಪ್ಪುನೀರು: ಒಡಲಿನ ಬಿರುಕು, ಡ್ರೈನ್ ಪ್ಲಗ್ (ಬಿಲ್ಜಿನ ನೀರು ಹೊರಬಿಡುವ ತೂತಿನ ಬಿರಡೆ), ಟ್ರಾನ್ಸಮ್ಮಿನ ಬೋಲ್ಟುಗಳ ಕಡೆ ಹುಡುಕಿ. ಗಾಜಿನ ಮೇಲೆ ಹೆಚ್ಚೇನೂ ಉಳಿಯದಿದ್ದರೆ ಮಳೆನೀರು: ಮೇಲಿನ ಸ್ಕ್ರೂಗಳು, ಗಾಜಿನ ಚೌಕಟ್ಟು, ಅಂಚಿನ ರಬ್ಬರ್ ಪಟ್ಟಿಯ ಮೊಳೆಸಾಲು. ಒರಟು ಪರೀಕ್ಷೆಯೇ, ಆದರೆ ಹುಡುಕಾಟ ಎಲ್ಲಿಂದ ಶುರುವಾಗಬೇಕೆಂದು ತಿಳಿಸಲು ಸಾಕು. ಸಿಕ್ಕ ಪ್ರತಿ ದಾರಿಯನ್ನೂ ಪಟ್ಟಿ ಮಾಡಿಟ್ಟುಕೊಳ್ಳಿ.

ಹಂತ 3: ಕೂರಿಸುವುದು, ಕಟ್ಟಿಹಾಕುವುದು

ಡೆಕ್ ತೆಗೆದ ದೋಣಿ ಮುಚ್ಚಳ ತೆಗೆದ ರಟ್ಟಿನ ಪೆಟ್ಟಿಗೆಯಂತೆ ಸೊಟ್ಟಗಾಗುತ್ತದೆ. ಸೊಟ್ಟಗಾದಾಗಲೇ ಹೊಸ ಡೆಕ್ ಕೂರಿಸಿದಿರೋ, ಆ ಸೊಟ್ಟ ಶಾಶ್ವತ; ನೀರಿನಲ್ಲಿ ದೋಣಿ ಒಂದೇ ಕಡೆಗೆ ಎಳೆಯುತ್ತಿರುತ್ತದೆ.

ಚಿರೆಕಲ್ಲು ಜೋಡಿಸಿ, ಮೇಲೆ ಹಳೆಯ ಟಯರಿನ ತುಂಡು ಹಾಕಿ, ಒಡಲಿಗೆ ಕನಿಷ್ಠ ಆರು ಕಡೆ ಆಧಾರ ಕೊಡಿ. ಅಡ್ಡಕ್ಕೂ ಉದ್ದಕ್ಕೂ ರಸಮಟ್ಟ ಇಟ್ಟು ನೋಡಿ. ಮೇಲಂಚಿನಿಂದ ಮೇಲಂಚಿಗೆ ಮೂರು ರೀಪರುಗಳನ್ನು ಅಡ್ಡಲಾಗಿ ಬಿಗಿಯಿರಿ. ಮೂತಿಯ ನಡುವಿನಿಂದ ಟ್ರಾನ್ಸಮ್ಮಿನ ಎರಡೂ ಮೂಲೆಗಳಿಗೆ ದಾರ ಎಳೆದು ಅಳತೆ ಬರೆದಿಟ್ಟುಕೊಳ್ಳಿ; ಎರಡೂ ಸಮ ಇರಬೇಕು. ಕೆಲಸ ಮುಗಿಯುವವರೆಗೆ ವಾರಕ್ಕೊಮ್ಮೆ ಈ ಅಳತೆ ನೋಡಿ.

ಮೇಲೆ ತಾಡಪಾಲು ಕಟ್ಟಿ, ಬದಿಗಳನ್ನು ಗಾಳಿಯಾಡಲು ತೆರೆದಿಡಿ. ನೆರಳಿದೆಯೆಂದು ತೆಂಗಿನ ಮರದ ಕೆಳಗೆ ದೋಣಿ ನಿಲ್ಲಿಸಬೇಡಿ. ಇದು ತಮಾಷೆಯಲ್ಲ, ಕಾಯಿ ಬಿದ್ದು ಹೊಸ ಡೆಕ್ ಸೀಳಿದ್ದನ್ನು ನೋಡಿದ್ದೇನೆ.

ಹಂತ 4: ಕತ್ತರಿಸುವುದು

ಬ್ಯಾಟರಿ ಹೊರಗೆ, ಪೆಟ್ರೋಲ್ ಟ್ಯಾಂಕ್ ಹೊರಗೆ, ಅದರ ಕೊಳವೆಯೂ ಹೊರಗೆ. ಟ್ಯಾಂಕ್ ಡೆಕ್ಕಿನಡಿಯಲ್ಲೇ ಹುದುಗಿದ್ದರೆ ಮೊದಲು ಪೂರ್ತಿ ಖಾಲಿ ಮಾಡಿ, ಆ ಭಾಗವನ್ನು ಕೈಗರಗಸದಿಂದಲೇ ತೆರೆದು ಹೊರತೆಗೆಯಿರಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಿಲ್ಜಿನಲ್ಲಿ ಕೂತೇ ಇರುತ್ತದೆ. ಗ್ರೈಂಡರಿನ ಒಂದು ಕಿಡಿ ಸಾಕು.

ಆಮೇಲೆ ವೃತ್ತಗರಗಸದ ಆಳವನ್ನು ಡೆಕ್ಕಿನ ದಪ್ಪಕ್ಕಿಂತ ಎರಡು ಮಿ.ಮೀ. ಮಾತ್ರ ಹೆಚ್ಚಿಗೆ ಇಟ್ಟುಕೊಂಡು, ಒಡಲಿನ ಬದಿಯಿಂದ ಎರಡು ಮೂರು ಅಂಗುಲ ಬಿಟ್ಟು ಸುತ್ತಲೂ ಕತ್ತರಿಸಿ. ಒಡಲಿಗೆ ಅಂಟಿಕೊಂಡೇ ಕತ್ತರಿಸುತ್ತೇನೆಂದು ಹೊರಟವರು ಒಡಲನ್ನೇ ಸೀಳಿಕೊಂಡಿದ್ದಾರೆ. ಉಳಿದ ಅಂಚನ್ನು ನಂತರ ಗ್ರೈಂಡರಿನಿಂದ ನಿಧಾನಕ್ಕೆ ಸವೆಸಬಹುದು. ಸ್ಟಿಯರಿಂಗ್ ಕೇಬಲ್ ಎಲ್ಲಿ ಹಾದಿದೆ ಎಂಬುದನ್ನು ಮೊದಲೇ ಕೈ ತೂರಿಸಿ ತಿಳಿದುಕೊಳ್ಳಿ.

ಕತ್ತರಿಸಿದ ಹಳೆಯ ಡೆಕ್ಕನ್ನು ಎಸೆಯಬೇಡಿ. ಎಷ್ಟೇ ಕುಂಬಾಗಿರಲಿ, ಹೊಸದಕ್ಕೆ ಅದೇ ಅಚ್ಚು. ಕೆಲಸ ಮುಗಿದ ಮೇಲೂ ಅದನ್ನು ದಂಡೆಯಲ್ಲಿ ಸುಡಬೇಡಿ. ಆ ಹೊಗೆ ವಿಷ, ಉಳಿಯುವ ಗಾಜಿನೆಳೆ ಮರಳಿಗಿಳಿದು ಯಾರದೋ ಕಾಲಿಗೆ ಚುಚ್ಚುತ್ತದೆ.

ಹಂತ 5: ಫೋಮ್

ದೋಣಿ ಮುಳುಗದಿರಲೆಂದು ಸ್ಟ್ರಿಂಗರುಗಳ ನಡುವೆ ಹಳದಿ ಫೋಮ್ ತುಂಬಿರುತ್ತಾರೆ. ಒಣಗಿರುವಾಗ ಘನ ಮೀಟರಿಗೆ ಸುಮಾರು 32 ಕಿಲೋ ತೂಗುವ ಹಗುರ ವಸ್ತು. ಒಂದೂವರೆ ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 20 ಸೆ.ಮೀ. ಆಳದ ಒಂದು ಅಂಕಣದಲ್ಲಿ ಐದು ಕಿಲೋಗಿಂತ ಕಡಿಮೆ. ಅದೇ ಅಂಕಣದ ಅರ್ಧ ಜಾಗವನ್ನು ನೀರು ಹಿಡಿದರೆ 75 ಕಿಲೋ ಹೆಚ್ಚುವರಿ. ‘ಎಂಜಿನ್ ಹಳೆಯದಾಯಿತು, ದೋಣಿ ಓಡುತ್ತಿಲ್ಲ’ ಎನ್ನುವ ಎಷ್ಟೋ ಜನರ ಎಂಜಿನ್ ಸರಿಯಾಗಿಯೇ ಇರುತ್ತದೆ. ಅವರು ಪ್ರತಿಸಲ ಕಾಣದ ಒಬ್ಬ ಪ್ರಯಾಣಿಕನನ್ನು ಹೊತ್ತೊಯ್ಯುತ್ತಿರುತ್ತಾರೆ.

ಒಂದು ಹಿಡಿ ಫೋಮ್ ಕಿತ್ತು ಹಿಂಡಿ ನೋಡಿ. ನೀರು ಬಂದರೆ ಎಲ್ಲವನ್ನೂ ತೆಗೆಯಿರಿ. ಒಣಗುತ್ತದೆಂದು ಕಾಯಬೇಡಿ, ಒಳಗಿನ ಕೋಶಗಳಿಗೆ ಇಳಿದ ನೀರು ಹೊರಗೆ ಬರುವುದಿಲ್ಲ. ಕೊನೆಗೆ ಹೊಸ ಫೋಮ್ ಹಾಕುವಾಗಲೂ ಅಡಿಯಲ್ಲಿ ನೀರು ಹರಿಯಲು ಸಂದು ಬಿಡಿ. ಫೋಮೇ ಬೇಡವೆಂದು ಖಾಲಿ ಬಿಡುವುದು ಮಾತ್ರ ಸಲ್ಲ. ದೋಣಿ ತುಂಬಿಕೊಂಡ ದಿನ ನಿಮ್ಮನ್ನು ಮೇಲೆ ಹಿಡಿದಿಡುವುದು ಅದೇ.

ಹಂತ 6: ಉಜ್ಜುವುದು

ಯಾರಿಗೂ ಇಷ್ಟವಿಲ್ಲದ ಕೆಲಸ, ಎಲ್ಲಕ್ಕಿಂತ ಮುಖ್ಯ ಕೆಲಸ. ಹೊಸ ಫೈಬರ್ ಅಂಟುವ ಜಾಗವನ್ನೆಲ್ಲ 36 ಅಥವಾ 40ರ ಒರಟು ಡಿಸ್ಕಿನಿಂದ ಉಜ್ಜಿ, ಬಣ್ಣ, ಗ್ರೀಸ್, ಹಳೆಯ ಹೊಳಪು ಯಾವುದೂ ಉಳಿಯದ ಹಾಗೆ ಮಂಕು ಗಾಜಿನೆಳೆ ಕಾಣುವವರೆಗೆ ಹೋಗಿ. ಒಡಲಿನಲ್ಲಿ ಬಿರುಕು ಸಿಕ್ಕರೆ ಅದರ ಅಂಚನ್ನು 12ಕ್ಕೆ 1ರ ಇಳಿಜಾರಿನಲ್ಲಿ ಸವೆಸಿ: ಮೂರು ಮಿ.ಮೀ. ದಪ್ಪಕ್ಕೆ 36 ಮಿ.ಮೀ. ಇಳಿಜಾರು. ಅಸಿಟೋನಿನಿಂದ ಒರೆಸುವುದು ಉಜ್ಜುವ ಮೊದಲು ಒಮ್ಮೆ, ನಂತರ ಒಮ್ಮೆ. ಮೊದಲೇ ಒರೆಸದಿದ್ದರೆ ಜಿಡ್ಡನ್ನು ಎಳೆಗಳೊಳಗೆ ನೀವೇ ತಿಕ್ಕಿದ ಹಾಗಾಗುತ್ತದೆ.

ತುಂಬು ತೋಳಿನ ಅಂಗಿ, ಕಣ್ಣಿಗೆ ಮುಚ್ಚಿದ ಕನ್ನಡಕ, ಮೂಗಿಗೆ ಸರಿಯಾದ ಧೂಳಿನ ಮಾಸ್ಕ್. ಕರವಸ್ತ್ರ ಕಟ್ಟಿಕೊಂಡರೆ ಆಗುವುದಿಲ್ಲ. ಸ್ನಾನ ತಣ್ಣೀರಿನಲ್ಲಿ ಮಾಡಿ. ಬಿಸಿನೀರು ಬಿದ್ದರೆ ರಂಧ್ರಗಳು ತೆರೆದು ಇನ್ನಷ್ಟು ತುರಿಸುತ್ತದೆ ಎಂಬುದು ಈ ಕೆಲಸದವರೆಲ್ಲರ ಮಾತು.

ಹಂತ 7: ರೆಸಿನ್ ಕಲಸುವುದು

ಇಲ್ಲಿ ಅವಸರ ಮಾಡದೆ ಓದಿ. ಅಂಗಡಿಯಲ್ಲಿ ಪಾಲಿಯೆಸ್ಟರ್ ರೆಸಿನ್ ಕೇಳಿದರೆ ಸಾಮಾನ್ಯವಾಗಿ ಮೂರು ವಸ್ತು ಕೊಡುತ್ತಾರೆ: ಡಬ್ಬದ ರೆಸಿನ್, ನೇರಳೆ ಬಣ್ಣದ ಕೋಬಾಲ್ಟ್, ನೀರಿನಂತೆ ತಿಳಿಯಾದ ಹಾರ್ಡನರ್. ಹಾರ್ಡನರಿನ ಅಸಲಿ ಹೆಸರು ಎಂ.ಇ.ಕೆ.ಪಿ.; ರೆಸಿನ್ನನ್ನು ಗಟ್ಟಿಗೊಳಿಸುವುದು ಅದು. ಕೋಬಾಲ್ಟ್ ಆ ಕೆಲಸವನ್ನು ಚುರುಕುಗೊಳಿಸುತ್ತದೆ.

ಕೋಬಾಲ್ಟ್ ಮತ್ತು ಹಾರ್ಡನರ್ ಎಂದಿಗೂ ನೇರವಾಗಿ ಒಂದಕ್ಕೊಂದು ತಾಗಬಾರದು. ತಾಗಿದರೆ ಬೆಂಕಿ, ಕೆಲವೊಮ್ಮೆ ಸ್ಫೋಟ. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಅದು ಪೂರ್ತಿ ಬೆರೆತ ಮೇಲೆಯೇ ಹಾರ್ಡನರ್. ಎರಡಕ್ಕೂ ಒಂದೇ ಅಳತೆಯ ಮುಚ್ಚಳ, ಒಂದೇ ಸಿರಿಂಜ್ ಬಳಸಬೇಡಿ. ಎರಡೂ ಬಾಟಲಿಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಸ್ಕೂಟರಿನಲ್ಲಿ ತರಬೇಡಿ. ಹಾರ್ಡನರನ್ನು ಕುಡಿಯುವ ನೀರಿನ ಬಾಟಲಿಗೆ ಸುರಿದಿಡುವುದಂತೂ ಅಪರಾಧವೇ ಸರಿ. ಅದು ಕಣ್ಣಿಗೆ ಸಿಡಿದರೆ ದೃಷ್ಟಿ ಹೋಗಬಹುದು. ತಕ್ಷಣ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರು ಇಟ್ಟುಕೊಳ್ಳದೆ ಬಾಟಲಿ ತೆರೆಯಲೇ ಬೇಡಿ.

ಅಳತೆ ತೂಕದಲ್ಲಿ. ಒಂದು ಕಿಲೋ ರೆಸಿನ್ನಿಗೆ 10ರಿಂದ 20 ಗ್ರಾಂ ಹಾರ್ಡನರ್. ಕೋಬಾಲ್ಟ್ ತಯಾರಕರ ಚೀಟಿಯಲ್ಲಿರುವಷ್ಟು. ಏಪ್ರಿಲ್ ಸೆಕೆಗೆ ರೆಸಿನ್ ಬೇಗ ಹೆಪ್ಪುಗಟ್ಟುತ್ತದೆಂದು ಹಾರ್ಡನರನ್ನು 10 ಗ್ರಾಂಗಿಂತ ಇಳಿಸುವವರಿದ್ದಾರೆ. ಹಾಗೆ ಮಾಡಿದರೆ ಮೇಲೆ ಗಟ್ಟಿಯಾದಂತೆ ಕಂಡು ಒಳಗೆ ಎಂದಿಗೂ ಪೂರ್ತಿ ಮಾಗುವುದಿಲ್ಲ. ಬದಲಿಗೆ ಬೆಳಗಿನ ತಂಪಿನಲ್ಲಿ ಅರ್ಧರ್ಧ ಕಿಲೋ ಕಲಸಿ, ಕಲಸಿದ್ದನ್ನು ಅಗಲ ತಟ್ಟೆಗೆ ಸುರಿಯಿರಿ. ಆಳದ ಡಬ್ಬದಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಕುದಿದು ಹೊಗೆಯೇಳುತ್ತದೆ. ಪ್ರತಿದಿನ ಮೊದಲು ಒಂದು ಸಣ್ಣ ಲೋಟದಲ್ಲಿ ಕಲಸಿ ಎಷ್ಟು ನಿಮಿಷಕ್ಕೆ ಹೆಪ್ಪುಗಟ್ಟುತ್ತದೆ ಎಂದು ಗಡಿಯಾರ ನೋಡಿ. ಹದಿನೈದಿಪ್ಪತ್ತು ನಿಮಿಷ ಸಿಕ್ಕರೆ ಕೆಲಸಕ್ಕೆ ಸಾಕು. ಈ ಹಂತದಲ್ಲಿ ಧೂಳಿನ ಮಾಸ್ಕ್ ಪ್ರಯೋಜನಕ್ಕೆ ಬಾರದು, ರಾಸಾಯನಿಕ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು.

ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ನೂ ಇದೆ. ಎಪಾಕ್ಸಿಯೋ ಪಾಲಿಯೆಸ್ಟರೋ? ಹಳೆಯ ಫೈಬರಿಗೂ ಮರಕ್ಕೂ ಹಿಡಿತ ಎಪಾಕ್ಸಿಯದೇ ಹೆಚ್ಚು, ಬೆಲೆಯೂ ಬಹಳ ಹೆಚ್ಚು. ಚೆನ್ನಾಗಿ ಉಜ್ಜಿದ ಒಡಲಿಗೆ ಪಾಲಿಯೆಸ್ಟರಿನಲ್ಲಿ, ಅದರಲ್ಲೂ ನೀರು ತಡೆಯುವ ಐಸೋಫ್ತಾಲಿಕ್ ಬಗೆಯಲ್ಲಿ, ಒಳ್ಳೆಯ ಡೆಕ್ ಮಾಡಬಹುದು. ಎರಡನ್ನೂ ಬೆರೆಸಬೇಡಿ. ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಕೂರುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಕೂರುವುದಿಲ್ಲ. ಇನ್ನೊಂದು: ಸಾಮಾನ್ಯ ಚಾಪ್ಡ್ ಮ್ಯಾಟ್, ಅಂದರೆ ತುಂಡು ಗಾಜಿನೆಳೆಗಳನ್ನು ಅಂಟಿನಿಂದ ಹಿಡಿದಿಟ್ಟ ಹಾಳೆ, ಎಪಾಕ್ಸಿಯಲ್ಲಿ ನೆನೆಯುವುದಿಲ್ಲ, ಆ ಅಂಟು ಕರಗುವುದು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿಗೆ. ಎಪಾಕ್ಸಿ ಹಿಡಿಯುವವರು ಹೊಲಿದ ಗಾಜಿನ ಬಟ್ಟೆಯನ್ನೇ ಕೊಳ್ಳಿ.

ಹಂತ 8: ಸ್ಟ್ರಿಂಗರ್

ಒಂದೊಂದನ್ನೂ ಉಳಿಯಿಂದ ಚುಚ್ಚಿ ನೋಡಿ. ಮರ ಗಟ್ಟಿಯಿದ್ದರೆ ಬಿಡಿ. ಹೋಗಿದ್ದರೆ ಒಂದು ಬದಿಯದನ್ನು ತೆಗೆದು, ಹೊಸದನ್ನು ಕೂರಿಸಿ, ಅದು ಗಟ್ಟಿಯಾದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿ. ಎರಡನ್ನೂ ಒಟ್ಟಿಗೆ ಕಿತ್ತರೆ ಹಂತ 3ರ ಶ್ರಮವೆಲ್ಲ ನೀರಿನ ಪಾಲು.

ಮರವನ್ನು ಒಡಲಿಗೆ ನೇರ ಒತ್ತಿ ಕೂರಿಸಬಾರದು. ನಾಲ್ಕೈದು ಮಿ.ಮೀ. ಲಪ್ಪದ ಹಾಸಿಗೆ ಇರಲಿ; ಇಲ್ಲದಿದ್ದರೆ ಅಲೆಯ ಪ್ರತಿ ಹೊಡೆತಕ್ಕೂ ಅದೇ ಗೆರೆಯಲ್ಲಿ ಒಡಲು ಬಿರಿಯುತ್ತದೆ. ಲಪ್ಪವನ್ನು ರೆಸಿನ್, ತುಂಡು ಗಾಜಿನೆಳೆ, ಸಿಲಿಕಾ ಪುಡಿ ಬೆರೆಸಿ ನೀವೇ ಮಾಡಿಕೊಳ್ಳಿ. ಕಾರಿನ ಪುಟ್ಟಿ ಇಲ್ಲಿಗೆ ಬೇಡ, ಅದು ನೀರು ಹೀರುತ್ತದೆ. ಮೂಲೆಗಳಲ್ಲಿ ಲಪ್ಪವನ್ನು ಚಮಚದ ಬೆನ್ನಿನಿಂದ ದುಂಡಗೆ ತೀಡಿ, ಚೂಪು ಕೋನದಲ್ಲಿ ಗಾಜಿನ ಬಟ್ಟೆ ಮಡಚಿ ಕೂರುವುದಿಲ್ಲ. ಮೇಲೆ ಮೂರು ಪದರ ಮ್ಯಾಟ್, ಪ್ರತಿ ಪದರವೂ ಹಿಂದಿನದಕ್ಕಿಂತ ಎರಡು ಅಂಗುಲ ಅಗಲ. ನೀರು ಬಿಲ್ಜಿಗೆ ಹರಿಯಲು ಕೊರೆದ ತೂತುಗಳ ಒಳಮೈಗೂ ರೆಸಿನ್ ಬಳಿಯಿರಿ. ಹಳೆಯ ದೋಣಿಗಳಲ್ಲಿ ಕುಂಬು ಶುರುವಾಗುವುದು ಬಹುತೇಕ ಅಲ್ಲಿಂದಲೇ.

ಹಂತ 9: ಹೊಸ ಡೆಕ್

ಪ್ಲೈವುಡ್ ಮೇಲೆ ಐಎಸ್ 710 ಎಂಬ ಮುದ್ರೆ ನೋಡಿ ಕೊಳ್ಳಿ, ಮರೀನ್ ಪ್ಲೈ ಅದು. ಐಎಸ್ 303 ಮನೆಯ ಕಪಾಟಿಗೆ. ಹದಿನಾರು ಅಡಿಯ ದೋಣಿಗೆ 12 ಮಿ.ಮೀ. ಸಾಕು. ಹಳೆಯ ಡೆಕ್ಕಿನ ಅಚ್ಚಿನಲ್ಲಿ ಕತ್ತರಿಸುವಾಗ, ಆ ಅಂಚು ಬಿಟ್ಟು ಕತ್ತರಿಸಿದ್ದೆವು ಎಂಬುದನ್ನು ಮರೆತು ಸಣ್ಣ ಡೆಕ್ ಮಾಡಿಕೊಂಡವರಿದ್ದಾರೆ! ಮೊದಲು ಫ್ರಿಜ್ ಪೆಟ್ಟಿಗೆಯ ರಟ್ಟಿನಲ್ಲಿ ಕತ್ತರಿಸಿ ಕೂರಿಸಿ ನೋಡಿ. ಒಡಲಿನಿಂದ ಸುತ್ತಲೂ ಐದಾರು ಮಿ.ಮೀ. ಸಂದು ಇರಲಿ. ಎರಡು ಹಾಳೆಗಳ ಜೋಡಣೆ ಸ್ಟ್ರಿಂಗರಿನ ಮೇಲೆಯೇ ಬರಲಿ.

ಕೂರಿಸುವ ಮೊದಲು ಅಡಿಭಾಗ ಮುಗಿಯಬೇಕು. ಮೊದಲ ಕೈಗೆ ರೆಸಿನ್ನನ್ನು ಸ್ವಲ್ಪ ಸ್ಟೈರೀನಿನಿಂದ ತೆಳುಮಾಡಿ ಮರಕ್ಕೆ ಕುಡಿಸಿ. ಮೇಲೆ ಒಂದು ಪದರ 450 ಗ್ರಾಂ ಮ್ಯಾಟ್. ಚದರ ಮೀಟರಿಗೆ ಅಷ್ಟು ತೂಗುವ ಹಾಳೆ ಎಂದರ್ಥ. ಅಂಚುಗಳಿಗೆ ಮೂರು ಕೈ.

ಕೊಳ್ಳುವ ಲೆಕ್ಕ ಹೀಗೆ: ಡೆಕ್ 2.4 ಮೀಟರಿಗೆ 1.5 ಮೀಟರ್ ಇದ್ದರೆ 3.6 ಚದರ ಮೀಟರ್. ಒಂದು ಪದರಕ್ಕೆ ಸುಮಾರು 1.6 ಕಿಲೋ ಮ್ಯಾಟ್, ಅದರ ಎರಡೂಕಾಲು ಪಟ್ಟು ರೆಸಿನ್. ಅಡಿಗೊಂದು, ಮೇಲೆರಡು ಪದರಕ್ಕೆ 11 ಕಿಲೋ ರೆಸಿನ್ ಬೇಕು, ಸ್ಟ್ರಿಂಗರಿನ ಖರ್ಚು ಬೇರೆ.

ಸ್ಟ್ರಿಂಗರ್ ಮೇಲೆ ಲಪ್ಪ ಹಾಕಿ ಡೆಕ್ ಇಳಿಸಿ, ತಾತ್ಕಾಲಿಕ ಸ್ಕ್ರೂಗಳಿಂದ ಹಿಡಿದು, ಸಂದಿಗೆ ಲಪ್ಪ ತುಂಬಿ ದುಂಡಗೆ ತೀಡಿ. ಗಟ್ಟಿಯಾದ ಮೇಲೆ ಸ್ಕ್ರೂ ತೆಗೆದು ತೂತು ಮುಚ್ಚಿ, ಮೊದಲು ಒಡಲಂಚಿಗೆ ಪಟ್ಟಿ, ಆಮೇಲೆ ಇಡೀ ಡೆಕ್ಕಿಗೆ ಎರಡು ಪದರ. ಹಲ್ಲಿನ ರೋಲರಿನಿಂದ ಗಾಳಿಗುಳ್ಳೆ ಹೊರಗೊತ್ತಿ. ಬಿಳಿ ಕಂಡಲ್ಲೆಲ್ಲ ರೆಸಿನ್ ಮುಟ್ಟಿಲ್ಲ ಎಂದರ್ಥ. ರೆಸಿನ್ ಹೆಚ್ಚು ಸುರಿದರೆ ಬಲ ಹೆಚ್ಚುತ್ತದೆ ಎಂಬುದು ಸುಳ್ಳು. ಬಲ ಗಾಜಿನದು, ಹೆಚ್ಚಾದ ರೆಸಿನ್ ಬಿರಿಯುತ್ತದೆ.

ಕೊನೆಯ ಲೇಪಕ್ಕೆ ಮೇಣ ಬೆರೆತ ಟಾಪ್‌ಕೋಟ್ ಬೇಕು, ಮೇಣವಿಲ್ಲದ ಜೆಲ್‌ಕೋಟ್ ಎಂಬ ಬಣ್ಣದ ರೆಸಿನ್ ಗಾಳಿಗೆ ಅಂಟಂಟಾಗಿಯೇ ಉಳಿಯುತ್ತದೆ. ಜಾರದಿರಲು ಹಸಿಯಿರುವಾಗಲೇ ಜರಡಿ ಹಿಡಿದ ಒಣ ಸಿಲಿಕಾ ಮರಳು ಉದುರಿಸಿ. ಕಾರ್ಪೆಟ್ ಅಂಟಿಸುವ ಆಸೆ ಬಿಡಿ. ಅದು ಒದ್ದೆ ಗೋಣಿಚೀಲ, ಅಷ್ಟೇ.

ಹಂತ 10: ಮತ್ತೆ ಸ್ಕ್ರೂ

ಆಸನ ಕೂರಿಸಲು ಸ್ಕ್ರೂ ಬೇಕೇ ಬೇಕಲ್ಲ. 6 ಮಿ.ಮೀ. ಸ್ಕ್ರೂ ಬೇಕಾದಲ್ಲಿ 12 ಮಿ.ಮೀ. ತೂತು ಕೊರೆಯಿರಿ. ಅದಕ್ಕೆ ಎಪಾಕ್ಸಿ ಲಪ್ಪ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸ್ಕ್ರೂವಿನ ತೂತು. ನೀರು ಇಳಿದರೂ ಲಪ್ಪಕ್ಕೇ ತಾಗುತ್ತದೆ, ಮರಕ್ಕಲ್ಲ. ಸ್ಕ್ರೂ 316 ದರ್ಜೆಯ ಸ್ಟೀಲ್ ಇರಲಿ. 304 ಉಪ್ಪುನೀರಿನಲ್ಲಿ ಕಲೆಗಟ್ಟುತ್ತದೆ. ಅಡಿಗೆ ಪಾಲಿಯುರೆಥೇನ್ ಸೀಲಂಟ್. ಸಿಲಿಕೋನ್ ಒಮ್ಮೆ ತಾಗಿದ ಜಾಗಕ್ಕೆ ಮುಂದೆ ಬಣ್ಣವೂ ಅಂಟದು, ರೆಸಿನ್ನೂ ಅಂಟದು. ಹಂತ 2ರಲ್ಲಿ ಬರೆದಿಟ್ಟ ಪಟ್ಟಿಯ ಪ್ರತಿ ತೂತಿಗೂ ಇದೇ ಉಪಚಾರ ನಡೆಯಲಿ. ಡೆಕ್ಕಿನಲ್ಲಿ ಕೈ ತೂರುವಷ್ಟು ಅಗಲದ, ತಿರುಪಿನ ಮುಚ್ಚಳದ ಕಿಂಡಿ ಒಂದನ್ನಾದರೂ ಇಡಿ.

ಹಂತ 11: ನೀರಿಗೆ

ನದಿಗೆ ಒಯ್ಯುವ ಮೊದಲು ಟ್ರೇಲರಿನ ಮೇಲೆಯೇ ಪರೀಕ್ಷೆ. ಡ್ರೈನ್ ಪ್ಲಗ್ ಹಾಕಿ ಬಿಲ್ಜಿಗೆ ಅರ್ಧ ಗೇಣು ನೀರು ಬಿಟ್ಟು ಒಡಲಿನ ಹೊರಗೆ ಎಲ್ಲಾದರೂ ಹನಿಯುತ್ತದೆಯೇ ನೋಡಿ. ಅದಕ್ಕಿಂತ ಹೆಚ್ಚು ತುಂಬಬೇಡಿ, ನೀರಿನ ಭಾರ ಟ್ರೇಲರ್ ತಡೆಯದು. ಮೂತಿಯನ್ನು ಎತ್ತರಕ್ಕಿಟ್ಟು ಪ್ಲಗ್ ತೆಗೆದರೆ ನೀರೆಲ್ಲ ಹಿಂದಕ್ಕೆ ಹರಿದು ಖಾಲಿಯಾಗಬೇಕು. ಎಲ್ಲಾದರೂ ನಿಂತರೆ ಅಲ್ಲಿನ ತೂತು ಲಪ್ಪದಿಂದ ಮುಚ್ಚಿಹೋಗಿದೆ.

ಮೊದಲ ಓಟ ಭರತದ ಹೊತ್ತಿನಲ್ಲಿ, ದಂಡೆಯ ಹತ್ತಿರ, ಜೀವರಕ್ಷಕ ಜಾಕೆಟ್ ತೊಟ್ಟು, ಅರ್ಧ ಗಂಟೆ ಮಾತ್ರ. ಮರಳಿ ಬಂದ ಕೂಡಲೇ ಕಿಂಡಿಯ ಮುಚ್ಚಳ ತಿರುಗಿಸಿ ಕೈಯನ್ನು ಬಿಲ್ಜಿನ ತಳಕ್ಕೆ ಮುಟ್ಟಿಸಿ. ಬೆರಳು ಒದ್ದೆಯಾದರೆ ಆ ಹಳೆಯ ಗಾಜಿನ ಚೂರನ್ನು ಮತ್ತೆ ಹುಡುಕಿ, ಎರಡು ಹನಿ ಬಿಟ್ಟು ಬಿಸಿಲಿಗಿಡಿ.